ತಣ್ಣಗಾಗಲು ಹತ್ತು ನಿಮಿಷ

ಅಕ್ಕನ ಮನೆ
ಮಂಗಳವಾರ, ಮಧ್ಯಾಹ್ನ

ಕಿವಿರಾಯರಿಗೆ,

‘ಪ್ರೀತಿಯ’ ಅಂತ ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ, ಕೊನೆಗೆ ಹಾಳೆಯನ್ನೇ ಬದಲಿಸಿದೆ. ನಾನೇ ಇಟ್ಟ ಅಡ್ಡಹೆಸರನ್ನು ಮಾತ್ರ ಬಿಡಲಾಗಲಿಲ್ಲ, ಕೈಗೆ ರೂಢಿಯಾಗಿಬಿಟ್ಟಿದೆ.

ನಿನ್ನೆ ನೀವು ಭಾವನಿಗೆ ಫೋನ್ ಮಾಡಿ, ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಗಂಡನನ್ನು ಬಿಟ್ಟು ಹೋಗುತ್ತಾರಾ ಅಂತ ಕೇಳಿದಿರಂತೆ. ಭಾನುವಾರದೊಳಗೆ ಬರುತ್ತಾಳೋ ಇಲ್ಲವೋ ಒಂದು ಮಾತು ಹೇಳಲಿ ಅಂದಿರಂತೆ. ಭಾವ ಪಾಪ, ಫೋನಿಟ್ಟು ಬಂದು, ಏನೋ ಬಲ್ಬು ಬದಲಿಸೋ ಜಗಳವಂತಲ್ಲಮ್ಮಾ ಅಂದರು. ಅಕ್ಕ ಅವರನ್ನು ಗದರಿಸಿ ಅಡುಗೆಮನೆಗೆ ಕಳಿಸಿದಳು. ಸಣ್ಣ ವಿಷಯ ಎಷ್ಟು ಸಣ್ಣದು ಅಂತ ಬರೆದೇ ತಿಳಿಸುತ್ತೇನೆ.

ನಿಮ್ಮ ಆಡಿಯೊ ಹವ್ಯಾಸಿಗಳ ಪತ್ರಿಕೆಯ ಈ ತಿಂಗಳ ಸಂಚಿಕೆ ಅಂಚೆಯಲ್ಲಿ ಕಳೆದುಹೋಯಿತು ಅಂದಿದ್ದಿರಿ. ಗ್ರಂಥಾಲಯಕ್ಕೂ ಒಂದು ಪ್ರತಿ ಬರುತ್ತದೆ ಅನ್ನುವುದನ್ನು ಮರೆತಿರಿ. ಹದಿನಾಲ್ಕು ವರ್ಷದಿಂದ ಅಲ್ಲಿ ಪತ್ರಿಕೆಗಳಿಗೆ ಮುದ್ರೆ ಒತ್ತುವವಳು ನಿಮ್ಮ ಹೆಂಡತಿಯೇ ಅನ್ನುವುದನ್ನೂ ಮರೆತಿರಿ. ಶುಕ್ರವಾರ ಬೆಳಿಗ್ಗೆ ಮುದ್ರೆಗೆಂದು ಪುಟ ತಿರುವಿದರೆ ಒಂದು ಲೇಖನದ ಮೇಲೆ ನಿಮ್ಮ ಹೆಸರು ಕಂಡಿತು. ಹೆಮ್ಮೆಯಿಂದ ಪಕ್ಕದ ಮೇಜಿನವಳನ್ನೂ ಕರೆದೆ. ಇಬ್ಬರೂ ತಲೆಗೆ ತಲೆ ಸೇರಿಸಿ ಓದಿದೆವು. ಅರ್ಧಕ್ಕೆ ಬರುವಷ್ಟರಲ್ಲಿ ಅವಳು, ನೀರು ಕುಡಿದು ಬರ್ತೀನಿ ಅಂತ ಎದ್ದು ಹೋದಳು.

ನಲವತ್ತು ಭಾನುವಾರ! ಊಟ ಮುಗಿದ ಮೇಲೆ ನಾನು ಸ್ಪೀಕರಿನ ಕಡೆ ಮುಖ ಮಾಡಿ ಕೂರಬೇಕು, ಆಂಪ್ಲಿಫೈಯರ್ ನನ್ನ ಬೆನ್ನ ಹಿಂದೆ, ತಿರುಗಿ ನೋಡಬಾರದು. ಒಂದೇ ಹಾಡು, ಒಂದು ಸಲ ಹಳೆಯ ಔಟ್‌ಪುಟ್ ವಾಲ್ವ್ ಜೋಡಿಯಲ್ಲಿ, ಇನ್ನೊಂದು ಸಲ ಹೊಸ ಜೋಡಿಯಲ್ಲಿ. ಸ್ಪೀಕರಿಗೆ ಶಕ್ತಿ ತುಂಬುವ ಆ ಎರಡು ಗಾಜಿನ ಬುರುಡೆ ಬದಲಾದರೆ ದನಿಯ ಬಣ್ಣವೇ ಬದಲಾಗುತ್ತದೆ ಅಂತ ನನಗೆ ಹೇಳಿಕೊಟ್ಟವರು ನೀವೇ. ಕೇಳಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊದಲ ವಾರ ನನಗೇನೂ ತಿಳಿಯಲಿಲ್ಲ. ಎರಡನೆಯ ವಾರಕ್ಕೆ, ಕಿವಿ ಪಳಗಿತು ನೋಡು ಅಂತ ಬೆನ್ನು ತಟ್ಟಿದಿರಿ. ‘ಹಾಡುವವಳು ಒಂದು ಹೆಜ್ಜೆ ಮುಂದೆ ಬಂದಂತಿದೆ’, ‘ಪಿಟೀಲಿನ ಮೇಲೆ ಬಿಸಿಲು ಬಿದ್ದಂತಿದೆ’. ಎಷ್ಟು ಚೆನ್ನಾಗಿ ಬರೀತೀಯೇ ಅಂದಿದ್ದಿರಿ.

ಈಗ ಅವೆಲ್ಲ ಅಚ್ಚಾಗಿವೆ. ಕೆಳಗೆ ನಿಮ್ಮ ಟಿಪ್ಪಣಿ: ಆ ನಲವತ್ತು ವಾರವೂ ವಾಲ್ವ್ ಒಮ್ಮೆಯೂ ಬದಲಾಗಲಿಲ್ಲ, ಹೊಸ ಜೋಡಿಯ ಡಬ್ಬಿಯನ್ನು ಬಿಚ್ಚಿಯೂ ಇರಲಿಲ್ಲ, ಮನಸ್ಸು ಬಯಸಿದ್ದನ್ನೇ ಕಿವಿ ಕೇಳುತ್ತದೆ ಅನ್ನುವುದಕ್ಕೆ ಇನ್ನೇನು ಪುರಾವೆ ಬೇಕು, ಅಂತ. ನನ್ನ ಹೆಸರು ಎಲ್ಲೂ ಇಲ್ಲ. ನಾನು ‘ಕೇಳುಗ ವ್ಯಕ್ತಿ’.

ನನ್ನ ಕಿವಿಯ ಮೇಲೆ ಹೂವಿಟ್ಟಿರಿ, ಆಯಿತು. ಅದನ್ನಾದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ನಿಮ್ಮ ಕಾಫಿಗೆ ಉಪ್ಪು ಹಾಕಿ, ಲೆಕ್ಕ ಚುಕ್ತಾ ಅನ್ನುತ್ತಿದ್ದೆ. ಆದರೆ ಮೂರನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ‘ಬಿಸಿ ವಾಲ್ವ್ ತಣ್ಣಗಾಗಲು ಹತ್ತು ನಿಮಿಷ ಬೇಕೆಂದು ನಂಬಿಸಿ, ಸಂಶಯ ಬಾರದಂತೆ ಆ ಅವಧಿಯಲ್ಲಿ ಕೇಳುಗ ವ್ಯಕ್ತಿಯನ್ನು ಮಾತಿನಲ್ಲಿ ತೊಡಗಿಸಲಾಗುತ್ತಿತ್ತು.’

ತೊಡಗಿಸಲಾಗುತ್ತಿತ್ತು. ನೀವು ವಾರವಿಡೀ ಊರಿನ ಲಿಫ್ಟುಗಳನ್ನೆಲ್ಲ ತಪಾಸಣೆ ಮಾಡಿ ಮನೆಗೆ ಬಂದರೆ ಹೂಂ, ಉಹೂಂ ಬಿಟ್ಟು ಬೇರೆ ಮಾತಿರಲಿಲ್ಲ. ಆ ಹತ್ತು ನಿಮಿಷ ಮಾತ್ರ ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಹೇಳು, ಈ ವಾರ ಏನಾಯ್ತು ಅಂತ ಕೇಳುತ್ತಿದ್ದಿರಿ. ನಾನು ಶನಿವಾರದಿಂದಲೇ ಏನು ಹೇಳಬೇಕೆಂದು ಜೋಡಿಸಿಟ್ಟುಕೊಳ್ಳುತ್ತಿದ್ದೆ. ನಮ್ಮ ಮೇಲಧಿಕಾರಿ ಏಣಿ ಹತ್ತಿ, ಇಳಿಯಲು ಹೆದರಿ, ಅಲ್ಲೇ ಕೂತು ಕಡತಗಳಿಗೆ ಸಹಿ ಹಾಕಿದ್ದನ್ನು ಹೇಳಿದಾಗ ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಗಂಡ ವಾಪಸ್ಸು ಸಿಕ್ಕಿದ ಅಂತ ನಾನು ಅಕ್ಕನ ಹತ್ತಿರ ಕೊಚ್ಚಿಕೊಂಡಿದ್ದೂ ಉಂಟು.

ಇಪ್ಪತ್ತೆರಡನೆಯ ವಾರ. ಹೊಟ್ಟೆಯಲ್ಲಿ ಮೂರು ತಿಂಗಳಿಗೇ ಹೋದ ನಮ್ಮ ಮಗುವಿಗೆ ನಾನು ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದೆ ಅಂತ ಅವತ್ತು ನಿಮಗೆ ಹೇಳಿದೆ. ಒಂಬತ್ತು ವರ್ಷ ಅಕ್ಕನಿಗೂ ಹೇಳದ ಹೆಸರು. ನೀವು ನನ್ನ ಕೈ ಹಿಡಿದುಕೊಂಡಿರಿ. ಆಮೇಲೆ ಗಡಿಯಾರ ನೋಡಿ, ತಣ್ಣಗಾಗಿರುತ್ತೆ, ಬದಲಾಯಿಸ್ತೀನಿ ಅಂತ ಎದ್ದಿರಿ. ಬಟ್ಟೆಯಲ್ಲಿ ಗಾಜು ಹಿಡಿದು ಕೀಳುವ ಸದ್ದು ಬಂತು. ನಾನು ಕಣ್ಣೊರೆಸಿಕೊಂಡು, ಮೈಯೆಲ್ಲ ಕಿವಿಯಾಗಿ ಕೂತೆ. ಆ ಸದ್ದನ್ನೂ ಬೇಕೆಂದೇ ಮಾಡುತ್ತಿದ್ದುದಾಗಿ ಬರೆದಿದ್ದೀರಿ. ಕೈ ಹಿಡಿದದ್ದರ ಬಗ್ಗೆ ಏನೂ ಬರೆದಿಲ್ಲ. ಅದೂ ಸಂಶಯ ಬಾರದಿರಲಿ ಅಂತಲೇ? ನಾಲ್ಕು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ನನಗೆ ಹೀಗೆ ಮೋಸ ಮಾಡುವವರು ನೀವಾಗುತ್ತೀರಿ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬರುತ್ತಾಳೋ ಇಲ್ಲವೋ ಅಂದಿರಲ್ಲ, ಬರುವುದಿಲ್ಲ. ಈ ಭಾನುವಾರವೂ ಇಲ್ಲ, ಮುಂದಿನದೂ ಇಲ್ಲ. ನನ್ನ ಓದುವ ಕನ್ನಡಕ ಆ ಕುರ್ಚಿಯ ಹತ್ತಿರವೇ ಉಳಿದಿದೆ, ಭಾವ ಬಂದಾಗ ಕೊಟ್ಟು ಕಳಿಸಿ. ನೋಟ್‌ಬುಕ್ಕನ್ನು ನೀವೇ ಇಟ್ಟುಕೊಳ್ಳಿ. ನೀರಿನ ಮೋಟರ್ ಆರಿಸುವುದನ್ನು ಮರೆಯಬೇಡಿ.

ಇಂತಿ,
ಕೇಳುಗ ವ್ಯಕ್ತಿ

ಮೇಲೆ ಬರೆಯದೇ ಬಿಟ್ಟಿದ್ದು: ಪತ್ರಿಕೆಗೆ ನೀವೊಂದು ತಿದ್ದುಪಡಿ ಕಳಿಸಬೇಕಾಗುತ್ತದೆ. ನನಗೆ ಯಾವ ವಾರವೂ ಯಾವ ವ್ಯತ್ಯಾಸವೂ ಕೇಳಿಸಿರಲಿಲ್ಲ. ಮೊದಲ ಭಾನುವಾರ ಎರಡೂ ಒಂದೇ ಥರ ಇವೆ ಅಂದಾಗ ನಿಮ್ಮ ಮುಖ ಸಪ್ಪಗಾಯಿತು. ಕೇಳಿಸದಿದ್ದರೆ ಇನ್ನು ನನ್ನನ್ನು ಕೂರಿಸುವುದಿಲ್ಲ, ಆ ಹತ್ತು ನಿಮಿಷವೂ ಕೈತಪ್ಪಿ ಹೋಗುತ್ತದೆ ಅಂತ ಹೆದರಿ, ಮರುವಾರದಿಂದ ಬಾಯಿಗೆ ಬಂದದ್ದನ್ನು ಕಟ್ಟಿ ಬರೆದೆ. ನಿಮ್ಮ ಪಟ್ಟಿಯ ಉಳಿದ ಮೂವತ್ತೊಂಬತ್ತು ಸಾಲೂ ಸುಳ್ಳು. ನಾನು ನಿಜ ಹೇಳಿದ್ದು ವಾಲ್ವ್ ತಣ್ಣಗಾಗುವಾಗ ಮಾತ್ರ. ಆ ಹೆಸರನ್ನು ಎಲ್ಲೂ ಬರೆಯಬೇಡಿ.