ಮೇಬಲ್ ಊಟ ಬಿಟ್ಟಿದ್ದಾಳೆ

ಪೋರ್ಟ್ ಅಗಸ್ಟಾ
೧೨ ಮಾರ್ಚ್, ಮಂಗಳವಾರ

ಮುದ್ದು ಬ್ರಯೊನೀ,

ನಿದ್ದೆ ಸರಿಯಾಗಿ ಬರುತ್ತಿದೆಯಾ? ಅಡಿಲೇಡ್‌ನ ಆ ವಾರ್ಡಿನಲ್ಲಿ ಎ.ಸಿ. ಜೋರು ಅಂತ ಅಮ್ಮ ಹೇಳುತ್ತಿದ್ದಳು. ನೀಲಿ ಸ್ವೆಟರು ಸಾಕಾಗುತ್ತದಾ? ಇದಕ್ಕಿಂತ ಹೆಚ್ಚು ನಿನ್ನ ಆರೋಗ್ಯ ವಿಚಾರಿಸಲು ನನಗೆ ಅನುಮತಿ ಇಲ್ಲ. ಊಟ ಬಿಟ್ಟು ಆಸ್ಪತ್ರೆ ಸೇರಿದ ಮಗಳಿಗೆ ಪತ್ರದಲ್ಲಿ ಊಟದ ಮಾತು ಎತ್ತಬಾರದು, ಮೈ ಕೈ ಹೇಗಿದೆ ಎಂದು ಕೇಳಬಾರದು ಎಂದು ನಿಮ್ಮ ನರ್ಸಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದ್ದಾರೆ. ಸರಿ, ಎತ್ತುವುದಿಲ್ಲ. ಅಮ್ಮ ಚೆನ್ನಾಗಿದ್ದಾಳೆ, ಅವಳ ಮಂಡಿನೋವೂ ಚೆನ್ನಾಗಿದೆ. ನಾನು ಹೇಗೋ ಇದ್ದೇನೆ. ಇನ್ನು ಮುಂದಿನದೆಲ್ಲ ನಿನ್ನ ಸಾಕು ಉಡದ ಊಟದ ವಿಷಯ, ಅದಕ್ಕೆ ಯಾರ ಅಡ್ಡಿಯೂ ಇರಲಾರದು.

ಮೇಬಲ್ ತಿನ್ನುತ್ತಿಲ್ಲ ಮಗಳೇ. ನಿನಗೆ ಬರೆಯಬೇಡ ಎಂದು ಅಮ್ಮ ಹೇಳಿದಳು, ಆದರೆ ನಿನ್ನನ್ನು ಬಿಟ್ಟು ನಾನು ಯಾರನ್ನು ಕೇಳಲಿ? ಕಾರು ಹತ್ತುವಾಗ ನೀನು ಹೇಳಿದ್ದು ಒಂದೇ ಮಾತು: “ಅಪ್ಪಾ, ಮೇಬಲ್‌ಗೆ ಊಟ ತಪ್ಪಿಸ್ಬೇಡ.” ನೀನು ಹೋದ ವಾರವೇ ಅವಳು ಬಾಯಿ ಮುಚ್ಚಿದಳು. ಮೊದಲು ಜಿರಳೆಯ ಸದ್ದು ಕೇಳಿದರೆ ತನ್ನ ಪೆಟ್ಟಿಗೆಯ ಗಾಜಿಗೆ ಉಗುರು ಹಚ್ಚಿ ನಿಂತುಬಿಡುತ್ತಿದ್ದಳಲ್ಲ, ಈಗ ಕಲ್ಲಿನ ಸಂದಿಯಿಂದ ತಲೆ ಮಾತ್ರ ಹೊರಗೆ. ಮುಳ್ಳುಬಾಲದ ಬುಡ ಬತ್ತಿಹೋಗಿದೆ. ಬೆಳಿಗ್ಗೆ ಎದ್ದರೆ ಶಾಖದ ದೀಪದ ಕೆಳಗೆ ಬಂದು ಮಲಗಿದ್ದಾಳೋ ಇಲ್ಲವೋ ಎಂದು ನೋಡಲು ಹೋಗುವಾಗ ನನಗೆ ಕಾಲೇ ಬರುವುದಿಲ್ಲ. ಅವಳಿಗೆ ಏನಾದರೂ ಆದರೆ ನಿನಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಅವಳ ಊಟಕ್ಕೆ ಜಿರಳೆಗಳದ್ದೇನೂ ಕೊರತೆ ಇಲ್ಲ. ಮೂವತ್ತು ವರ್ಷ ಈ ಊರಿನ ಅಡುಗೆಮನೆಗಳಲ್ಲಿ ಮಂಡಿಯೂರಿ ಜಿರಳೆಗೆ ಔಷಧಿ ಹೊಡೆದವನು ನಾನು. ಈಗ ಅವಕ್ಕೆ ಕ್ಯಾರೆಟ್ ತುರಿದು, ಕುಂಬಳಕಾಯಿ ಹೆಚ್ಚಿ, ಮೊಟ್ಟೆ ತಟ್ಟೆಗಳ ಸಂದಿಯಲ್ಲಿ ಸಂಸಾರ ಹೂಡಿಕೊಟ್ಟಿದ್ದೇನೆ. ಹತ್ತಿ ಓಡಿಹೋಗದ ಹಾಗೆ ಡಬ್ಬಿಯ ಬಾಯಿಗೆ ನೀನು ತೋರಿಸಿದಂತೆಯೇ ವ್ಯಾಸಲೀನ್ ಬಳಿಯುತ್ತೇನೆ. ಬೌಲ್ಸ್ ಕ್ಲಬ್ಬಿನಲ್ಲಿ ನೆವಿಲ್, ನನ್ನ ಜೊತೆ ಔಷಧಿ ಹೊಡೆಯುತ್ತಿದ್ದವನು, ಎಲ್ಲರೆದುರು ಕೇಳಿದ: “ಏನಪ್ಪಾ ಗ್ರೇಮ್, ಕೊಂದಿದ್ದು ಸಾಕಾಗಿ ಈಗ ಅವಕ್ಕೆ ಬಾಣಂತನ ಮಾಡ್ತಿದೀಯಂತೆ?” ನಗಲಿ. ಮೇಬಲ್‌ನ ಮೂಳೆಗೆಂದು ಅವುಗಳ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸುವಾಗ ಮಾತ್ರ ಇವತ್ತಿಗೂ ಕೈ ತಡೆಯುತ್ತದೆ. ಜಿರಳೆಯ ಮೇಲೆ ನಾನು ಉದುರಿಸಿದ ಪುಡಿ ಯಾವತ್ತೂ ಒಳ್ಳೆಯದಕ್ಕಾಗಿರಲಿಲ್ಲ.

ಮೊದಲ ಅನುಮಾನ ನನ್ನ ಮೇಲೇ ಬಂತು. ಇಷ್ಟು ವರ್ಷದ ವಿಷ ಮೈಯಲ್ಲೇ ಇಳಿದುಹೋಗಿದೆಯೋ ಏನೋ ಅಂದುಕೊಂಡೆ. ಕೆಲಸದ ಬಟ್ಟೆಗಳನ್ನೆಲ್ಲ ಕಸಕ್ಕೆ ಹಾಕಿದೆ, ಚರ್ಮ ಸುಲಿಯುವ ತನಕ ಕೈ ತೊಳೆದೆ, ಜಿರಳೆ ಡಬ್ಬಿಯನ್ನು ಔಷಧಿ ಇಡುತ್ತಿದ್ದ ಶೆಡ್ಡಿನಿಂದ ತಂದು ಅಮ್ಮನ ಹೊಲಿಗೆ ಮೇಜಿನ ಮೇಲೆ ಇಟ್ಟೆ. ಒಂದು ಜಿರಳೆ ಕಂಡರೆ ಕುರ್ಚಿ ಹತ್ತುವ ನಿನ್ನಮ್ಮ ಹೊಲಿಗೆ ಮೆಷಿನನ್ನು ಎತ್ತಿ ಸುಮ್ಮನೆ ಜಾಗ ಬಿಟ್ಟುಕೊಟ್ಟಳು. ಪಶುವೈದ್ಯರು ಬಾಯಿ ತೆರೆದು, ಹೊಟ್ಟೆ ಒತ್ತಿ, ರೋಗ ಏನೂ ಇಲ್ಲ ಅಂದರು. “ಹಸಿವಾದಾಗ ತಿಂತಾಳೆ ಬಿಡಿ.” ಹೋದ ವರ್ಷ ಇನ್ನೊಬ್ಬ ಡಾಕ್ಟರು ಇದೇ ಮಾತು ಹೇಳಿದ್ದರು. ಆಗ ನಾನು ನಂಬಿ ನೆಮ್ಮದಿಯಾಗಿ ಮನೆಗೆ ಬಂದಿದ್ದೆ.

ಆಮೇಲೆ ನನಗೆ ದಿಕ್ಕೇ ತೋಚಲಿಲ್ಲ. ದಿನವಿಡೀ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ದಪ್ಪದ್ದು, ಸಣ್ಣದ್ದು, ಆಗತಾನೆ ಪೊರೆ ಬಿಟ್ಟ ಬಿಳಿಯದ್ದು, ಎಲ್ಲವನ್ನೂ ಚಿಮುಟದಲ್ಲಿ ಹಿಡಿದು ಮೂಗಿನ ಮುಂದೆ ಆಡಿಸಿದೆ. ಮುದ್ದು ಮಾಡಿದೆ, ಗದರಿದೆ, ಗೋಗರೆದೆ. ಒಂದೇ ಒಂದು ತಿನ್ನೇ ತಾಯಿ, ನನಗೋಸ್ಕರ, ಅಂತ ಒಂದು ಉಡದ ಮುಂದೆ ಅತ್ತೆ ಮಗಳೇ. ಅವಳು ನನ್ನ ಕಣ್ಣನ್ನೇ ನೋಡುತ್ತ ಇನ್ನಷ್ಟು ಒಳಗೆ ಸರಿದಳು. ಅಡುಗೆಮನೆ ಬಾಗಿಲಲ್ಲಿ ಅಮ್ಮ ಯಾವಾಗ ಬಂದು ನಿಂತಿದ್ದಳೋ ಗೊತ್ತಿಲ್ಲ. “ಗ್ರೇಮ್, ಹಾಗೆ ಗುರಾಯಿಸ್ಕೊಂಡು ಎದುರಿಗೆ ಕೂತ್ರೆ ಯಾರ ಗಂಟಲಲ್ಲಿ ಇಳಿಯುತ್ತೆ ಹೇಳು” ಅಂದಳು. ಇಬ್ಬರೂ ನಮ್ಮ ಊಟದ ಮೇಜನ್ನು ನೋಡುತ್ತಿದ್ದೆವು. ಅಲ್ಲಿ ನಿನ್ನ ಕುರ್ಚಿ ಇದೆ, ಅದರ ಎದುರಿಗೇ ನಮ್ಮಿಬ್ಬರ ಕುರ್ಚಿಗಳಿವೆ.

ನಿನ್ನೆ ಮಧ್ಯಾಹ್ನ ಒಂದು ಜಿರಳೆಯನ್ನು ಚಿಮುಟವಿಲ್ಲದೆ, ಜೀವಂತವಾಗಿ, ಮರಳಿನ ಮೇಲೆ ಬಿಟ್ಟೆ. ಬಿಟ್ಟು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತೆ. ಓಡುವ ಜಿರಳೆಗೆ ಬೆನ್ನು ತೋರಿಸಿ ಕೂತದ್ದು ನನ್ನ ಜನ್ಮದಲ್ಲೇ ಮೊದಲು, ಬೆನ್ನೆಲ್ಲ ಜುಮ್ಮೆನ್ನುತ್ತಿತ್ತು. ತೊಗಟೆಯ ಮೇಲೆ ಅದರ ಕಾಲಿನ ಸದ್ದು ಕೇಳಿತು. ನಿಂತಿತು. ಮತ್ತೆ ಓಡಿತು. ಮರಳು ಸರಿದ ಸದ್ದು, ಆಮೇಲೆ ಕಟಕ್ ಎಂದು ಒಂದೇ ಸಲ. ಅದು ಅವಳ ದವಡೆಯೋ, ದೀಪದ ಶಾಖಕ್ಕೆ ಸಿಡಿದ ತೊಗಟೆಯೋ ದೇವರಿಗೇ ಗೊತ್ತು. ತಿರುಗಿ ನೋಡಬೇಕೆಂದು ಕತ್ತು ನೋಯುತ್ತಿತ್ತು, ನೋಡಲಿಲ್ಲ. ಇವತ್ತೂ ಹಾಗೆಯೇ ಕೂರುತ್ತೇನೆ. ಬೇರೆ ದಾರಿ ನನಗೆ ಗೊತ್ತಿಲ್ಲ.

ಅಮ್ಮ ನಿನ್ನ ಹಣೆಗೊಂದು ಮುತ್ತು ಕಳಿಸಿದ್ದಾಳೆ. ಬೆಚ್ಚಗಿರು, ದೇವರು ನಿನ್ನ ಕೈ ಬಿಡದಿರಲಿ.

ನಿನ್ನ
ಅಪ್ಪ

ತಾ.ಕ.: ಅಂಚೆಯ ಹೊತ್ತಾಯಿತು, ಆತುರದಲ್ಲಿ ಬರೆಯುತ್ತಿದ್ದೇನೆ. ಭಾನುವಾರ ಮಧ್ಯಾಹ್ನ ನಿನ್ನ ಊಟದ ಹೊತ್ತಿಗೆ ಒಬ್ಬರು ಜೊತೆಗೆ ಕೂರಬಹುದಂತೆ, ನಾನು ಬರುತ್ತೇನೆ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತೇನೆ, ಹೊರಗೆ ನಿಂತ ಕಾರುಗಳನ್ನು ನೋಡುತ್ತಿರುತ್ತೇನೆ. ನೀನು ಏನು ಮಾಡಿದರೂ ತಿರುಗುವುದಿಲ್ಲ, ಆಣೆ. ಚಮಚದ ಸದ್ದು ಒಂದು ಸಲ ಕೇಳಿಸಿದರೆ ಸಾಕು ಮಗಳೇ.