ಯುದ್ಧದಲ್ಲಿ ಬಹುವಚನ

ಆನ್‌ಲೈನ್ ಯುದ್ಧದಾಟದಲ್ಲಿ ನಮ್ಮ ತುಕಡಿಯ ವೈದ್ಯಾಧಿಕಾರಿಯಾಗಿದ್ದ ಅತ್ತೆಯವರಿಗೆ, ಎಲ್ಲರಿಗಿಂತ ಮೊದಲು ಸಾಯುವ ಅಳಿಯನ ಸೆಲ್ಯೂಟ್.

ನೀವು ತೀರಿಕೊಂಡ ಮೇಲೆ ನಿಮ್ಮ ಹೆಡ್‌ಫೋನ್ ಸುಮ್ಮನಿತ್ತು. ಅದಕ್ಕಿಂತ ಸುಮ್ಮನಿದ್ದವರು ಮಾವ. ಇವತ್ತು ಮಧ್ಯಾಹ್ನ ತಾವಾಗಿಯೇ ಬಂದು ಕಂಪ್ಯೂಟರ್ ಮುಂದೆ ಕೂತು, "ಅವಳು ಇದರಲ್ಲಿ ಏನ್ ಮಾಡ್ತಿದ್ಲು, ತೋರಿಸಿ" ಎಂದರು.

ಮದುವೆಯಾದಾಗಿನಿಂದ ನಿಮ್ಮ ನನ್ನ ಸಂಭಾಷಣೆ "ಊಟ ಆಯ್ತಾ?", "ಆಯ್ತು" ದಾಟಿರಲಿಲ್ಲ. ಆಟದಲ್ಲಿ ಒಂದೇ ತಂಡ ಸೇರಿದ ದಿನ "ಅತ್ತೆಯವರೇ, ದಯವಿಟ್ಟು ತಲೆ ತಗ್ಗಿಸಿ" ಎಂದು ನಾನು ಮುಗಿಸುವಷ್ಟರಲ್ಲಿ ನಿಮಗೆ ಗುಂಡು ಬಿದ್ದಿತ್ತು. "ಅಳಿಯಂದಿರೇ, ಯುದ್ಧದಲ್ಲಿ ಬಹುವಚನ ಬೇಡ. ಬಗ್ಗು ಅನ್ನಿ, ಸಾಕು" ಎಂದು ಆಜ್ಞೆಯಾಯಿತು. ಆಮೇಲೆ ನೀವು "ಲೋ, ಕಿಟಕಿ ಕಡೆ ನೋಡೋ!" ಎಂದು ಬೈದದ್ದಕ್ಕೆಲ್ಲ ನಾನು ಚಿರಋಣಿ. ಅಷ್ಟು ಅಕ್ಕರೆ ನನಗೆ ಯಾವ ಮರ್ಯಾದೆಯಲ್ಲೂ ಸಿಕ್ಕಿರಲಿಲ್ಲ.

ಅದೇ ಧೈರ್ಯದಲ್ಲಿ ಇವತ್ತು, ಬೀದಿನಾಯಿಯೂ ಬಹುವಚನದಲ್ಲಿ ಬೊಗಳುವ ನಮ್ಮ ನಿವೃತ್ತ ಹೆಡ್‌ಮಾಸ್ಟರ್ ಮಾವನಿಗೆ "ಬಗ್ಗು!" ಎಂದು ಕಿರುಚಿದೆ. ಮಾವ ಕುರ್ಚಿಯಲ್ಲೇ ಬಗ್ಗಿದರು. ಪರದೆಯ ಮೇಲೆ ಅವರ ಸೈನಿಕ ಮಾತ್ರ ನೆಟ್ಟಗೆ ನಿಂತು ಗುಂಡು ತಿಂದ.

ಆಟದೊಳಗೆ ನಾನು ಓಡಿಹೋಗಿ, ನೀವು ಮಾಡುತ್ತಿದ್ದಂತೆ, ಅವನ ಪಕ್ಕದಲ್ಲಿ ಮಂಡಿಯೂರಿ ಇಂಜೆಕ್ಷನ್ ಚುಚ್ಚಿದೆ. ಸೈನಿಕ ಎದ್ದು ನಿಂತ.

ಮಾವ ಪರದೆಯಿಂದ ಕಣ್ಣು ಕೀಳಲಿಲ್ಲ.

"ಇಷ್ಟೇನಾ? ಪಕ್ಕದಲ್ಲಿದ್ರೆ ಸಾಕಾ?"

"ಸಾಕು ಮಾವ."

"ಅವಳು ಮಾಡ್ತಿದ್ದಿದ್ದು ಇದೇನಾ?"

"ಹೂಂ. ಎಲ್ರಿಗೂ ಮಾಡೋರು. ನನಗೇ ಜಾಸ್ತಿ."

ಅವರು ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡರು.

"ಬಂದೂಕು ಹಾಗಿರ್ಲಿ. ಆ ಇಂಜೆಕ್ಷನ್ ಕೊಡೋದು ಹೇಗೆ, ಅದನ್ನ ಹೇಳ್ಕೊಡಿ."