ಎರಡನೆಯ ಲೋಟ

೧೪ ಮಾರ್ಚ್ ೨೦೨೧, ಭಾನುವಾರ. ವಾಗೆನಿಂಗನ್, ನೆದರ್ಲೆಂಡ್ಸ್.

ಹುಟ್ಟಿದಾಗಿನಿಂದ ಒಂದು ಹನಿ ವೈನ್ ಬಾಯಿಗೆ ಹಾಕದ ನಾನು ಇಂದು ಇಟಲಿಯ ಒಂದು ಇಡೀ ತೊಟ್ಟಿ ವೈನಿನ ಹದ ಹೇಳಿ ಬಂದಿದ್ದೇನೆ. ಸಂಜೆಯಿಂದ ಅದೇ ಕೊರೆಯುತ್ತಿದೆ.

ಮೇಲಿನ ಮನೆಯ ಲೂಚಿಯಾಳ ಅಪ್ಪ ನವೆಂಬರಿನಲ್ಲಿ ಕೊರೋನಾದಿಂದ ತೀರಿಕೊಂಡರು. ಇಟಲಿಯ ಅವರ ತೋಟದಲ್ಲಿ ಎರಡು ಜಾತಿಯ ಬಿಳಿ ದ್ರಾಕ್ಷಿ: ಟ್ರೆಬ್ಬಿಯಾನೊ ಹುಳಿ ಕೊಡುತ್ತದೆ, ಮಾಲ್ವಾಸಿಯಾ ಪರಿಮಳ. ಎರಡನ್ನೂ ಬೇರೆ ಬೇರೆಯಾಗಿ ಹುದುಗಿಸಿ ಈ ತಿಂಗಳಲ್ಲಿ ಬೆರೆಸುತ್ತಾರೆ. ಎಷ್ಟಕ್ಕೆ ಎಷ್ಟು ಎಂದು ಅಪ್ಪ ಮೂಗಿನಿಂದಲೇ ನಿರ್ಧರಿಸುತ್ತಿದ್ದರಂತೆ. ಈ ಸಲ ಅವಳ ಅಣ್ಣ ಮೂರು ಹದದ ಪುಟ್ಟ ಶೀಸೆಗಳನ್ನು ಅಂಚೆಯಲ್ಲಿ ಕಳಿಸಿದ್ದಾನೆ. ಅವಳಿಗೋ ಅದೇ ಕೊರೋನಾ ಜ್ವರ ಬಿಟ್ಟ ಮೇಲೂ ವಾಸನೆ ತಿರುಗಿ ಬಂದಿಲ್ಲ.

"ಕುಡೀಬೇಡ ವೈಶಾಲಿ, ಮೂಸಿ ಹೇಳು ಸಾಕು," ಎಂದು ಮೂರನ್ನೂ ಮೂರು ಲೋಟಗಳಿಗೆ ಬಗ್ಗಿಸಿದಳು.

ಮೊದಲನೆಯ ಲೋಟದಲ್ಲಿ ನಿಂಬೆಯಂಥ ಹುಳಿ ಮಾತ್ರ. ಮೂರನೆಯದರಲ್ಲಿ ಬೇಳೆಯನ್ನು ಮುಚ್ಚಿದ ಒಗ್ಗರಣೆಯ ಹಾಗೆ ಹೂವಿನ ವಾಸನೆಯೇ ಮುಂದೆ ನಿಂತಿತ್ತು. ಎರಡನೆಯದರಲ್ಲಿ ಮೊದಲು ಹುಳಿ, ಹಿಂದೆಯೇ ಹೂವು. ಅದನ್ನು ತೋರಿಸಿದೆ.

ಲೂಚಿಯಾ ಆ ಲೋಟವನ್ನು ಮೂಗಿಗೆ ಹಿಡಿದು ಎರಡು ಸಲ ಉಸಿರೆಳೆದಳು. ಆಮೇಲೆ, "ಅಪ್ಪನ ವೈನ್ ಥರ ಇದೆಯಾ?" ಎಂದು ನನ್ನನ್ನೇ ಕೇಳಿದಳು.

ಅವರನ್ನು ನಾನು ನೋಡಿದವಳೂ ಅಲ್ಲ. ಹೂಂ ಅಂದುಬಿಟ್ಟೆ.

ಮನೆಗೆ ಬಂದು ಹೇಳಿದರೆ ನಮ್ಮವರಿಗೆ ನಗು. "ಬ್ಯಾಸಗಿಗೆ ಆಕಿ ಅಣ್ಣ ಬಾಟ್ಲಿ ಕಳಸ್ತಾನಂತಲ್ಲ, ಆವಾಗ ಏನ್ ಮಾಡ್ತಿ?"

ಕುಡಿಯುವ ಮಾತು ಹಾಗಿರಲಿ. ಅಷ್ಟರಲ್ಲಿ ಅವಳಿಗೆ ವಾಸನೆ ತಿರುಗಿ ಬರಲಿ ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ ಅಳುಕಾಯಿತು. ಬಂದರೆ, ಬಿರಡೆ ತೆಗೆದ ಕೂಡಲೇ ಅವಳಿಗೆ ಇದು ಅಪ್ಪನ ವೈನ್ ಹೌದೋ ಅಲ್ಲವೋ ಗೊತ್ತಾಗಿಬಿಡುತ್ತದೆ.